ತಂಬಾಕು ಬಿಟ್ಟ ಮರುದಿನದಿಂದ: ಗೊಳಸಂಗಿ ಸೀಮೆಯ ಅನುಭವದ ಪಾಠಗಳು

ಚಟ ಬಿಡಿಸುವ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಪರಂಪರೆ ಇದೆ. ಕೃಷ್ಣೆಯಾಚೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲು ಶುರು ಮಾಡಿದರು. ಕಾಳುಕಡಿ ಬೇಡಲಿಲ್ಲ, ರೊಕ್ಕ ಬೇಡಲಿಲ್ಲ, ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಹಾಂತ ಜೋಳಿಗೆಗೆ ತಂಬಾಕಿನ ಡಬ್ಬಿ ಹಾಕಿ ಮತ್ತೆ ಮುಟ್ಟದ ಹಿರಿಯರು ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ.

ಜೋಳಿಗೆಗೆ ಹಾಕುವ ಗಳಿಗೆ ದೊಡ್ಡದು. ನನ್ನ ಕೆಲಸ ಇರುವುದು ಅದರ ಮರುದಿನ ಬೆಳಿಗ್ಗೆ. ಗೊಳಸಂಗಿ, ನಿಡಗುಂದಿ, ಬಸವನ ಬಾಗೇವಾಡಿ ಸುತ್ತಿನ ಹಳ್ಳಿಗಳ ಜನರ ಹಲ್ಲು, ಬಾಯಿ ನೋಡುವುದು ನನ್ನ ವೃತ್ತಿ. ಕುರ್ಚಿಯಲ್ಲಿ ಕೂತವರ ಗಲ್ಲವನ್ನು ಕನ್ನಡಿಯಿಂದ ಸರಿಸಿದರೆ ತಂಬಾಕು ಇಡುವ ಜಾಗ ತಾನಾಗಿ ಕಾಣುತ್ತದೆ. "ಬಿಟ್ಟಿನ್ರೀ, ಆದ್ರ ತಲಬ ಆದಾಗ ತಡಕೊಳ್ಳಾಕ ಆಗಂಗಿಲ್ರೀ" ಎನ್ನುವ ಮಾತು ನಾನು ದಿನಾ ಕೇಳುವಂಥದ್ದು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 16.3ರಷ್ಟು ಜನ ಜಗಿಯುವ, ಉಜ್ಜುವ, ಬಾಯಲ್ಲಿಡುವ ತಂಬಾಕಿನವರು. ಸೇದುವವರು ಶೇ 8.8. ಆದರೆ ಬಿಡುವುದು ಹೇಗೆ ಎಂಬ ಮಾತೆಲ್ಲ ಬೀಡಿ, ಸಿಗರೇಟಿನ ಸುತ್ತಲೇ ನಡೆಯುತ್ತದೆ. ತಂಬಾಕು-ಸುಣ್ಣದವರಿಗೆ, ಗುಟ್ಕಾದವರಿಗೆ, ಮಿಶ್ರಿ ಹಚ್ಚುವ ಹೆಣ್ಣುಮಕ್ಕಳಿಗೆ ಹೇಳುವವರು ಕಡಿಮೆ.

ನಾನು ಕಂಡುಕೊಂಡದ್ದು ಇಷ್ಟು: ತಲಬು ಒಂದೇ ಅಲ್ಲ, ಹಲವು. ಒಂದೊಂದರ ಹಿಂದೆ ಒಂದೊಂದು ಕಾರಣ ಇರುತ್ತದೆ. ಕಾರಣ ಹಿಡಿದು ಅದಕ್ಕೆ ಬೇಕಾದ್ದನ್ನು ಮಾಡಿದವರು ಉಳಿದುಕೊಳ್ಳುತ್ತಾರೆ. ಎಲ್ಲ ತಲಬನ್ನೂ ಬರೀ ಆಣೆಯ ಬಲದಿಂದ ತಡೆಯಲು ನಿಂತವರು ಸೋತು ಬರುತ್ತಾರೆ, ತಮ್ಮ ಮನಸ್ಸೇ ಗಟ್ಟಿ ಇಲ್ಲ ಎಂದು ನೊಂದುಕೊಳ್ಳುತ್ತಾರೆ. ಅವರ ಮನಸ್ಸು ಗಟ್ಟಿಯಾಗಿಯೇ ಇರುತ್ತದೆ.

1. ತಲಬು ಬರುವ ಹೊತ್ತು ಮೊದಲು ಗುರುತಿಸಿ

"ದಿನಾ ಪೂರ್ತಿ ತಲಬ ಇರ್ತದ" ಎಂದು ಎಲ್ಲರೂ ಅನ್ನುತ್ತಾರೆ. ಕೂರಿಸಿಕೊಂಡು ಕೇಳಿದರೆ ಲೆಕ್ಕ ಸಿಗುತ್ತದೆ. ಎದ್ದ ಕೂಡಲೇ ಒಂದು, ಚಹಾ ಕುಡಿದ ಮೇಲೆ ಒಂದು, ಹೊಲದ ಬದುವಿನ ಮೇಲೆ ಕುಂತಾಗ, ಊಟ ಆದ ಮೇಲೆ, ಸಂಜೆ ಕಟ್ಟೆಯಲ್ಲಿ. ನಡುವಿನ ಹೊತ್ತಿನಲ್ಲಿ ಅದರ ನೆನಪೇ ಇರುವುದಿಲ್ಲ.

ಇದಕ್ಕೆ ಕಾರಣ ಬಾಯಲ್ಲೇ ಇದೆ. ತಂಬಾಕಿಗೆ ಸುಣ್ಣ ಸೇರಿಸುವುದು ರುಚಿಗಾಗಿ ಎಂದು ಹಲವರು ತಿಳಿದಿದ್ದಾರೆ. ಸುಣ್ಣದ ಕ್ಷಾರ ತಂಬಾಕಿನ ನಿಕೋಟಿನ್ನನ್ನು ಬಿಡಿಸಿಕೊಡುತ್ತದೆ, ಹಾಗೆ ಬಿಡಿಯಾದ ನಿಕೋಟಿನ್ ಗಲ್ಲದ ಒಳಚರ್ಮದಿಂದ ಸರಾಗವಾಗಿ ರಕ್ತಕ್ಕೆ ಇಳಿಯುತ್ತದೆ. ರಕ್ತಕ್ಕೆ ಬಂದದ್ದು ಸುಮಾರು ಎರಡು ತಾಸಿಗೆ ಅರ್ಧದಷ್ಟಾಗುತ್ತದೆ. ಕೈ ಕಿಸೆಗೆ ಹೋಗುವ ಹೊತ್ತನ್ನು ನೋಡಿಕೊಳ್ಳಿ, ಈ ಲೆಕ್ಕ ತಾಳೆಯಾಗುತ್ತದೆ. ಬಿಟ್ಟ ಮೇಲೆ ಎರಡನೆಯ, ಮೂರನೆಯ ದಿನ ತೀರಾ ಕಷ್ಟ. ತಲೆಭಾರ, ಸಿಟ್ಟು, ನಿದ್ದೆಗೇಡು, ಯಾವ ಕೆಲಸದಲ್ಲೂ ಚಿತ್ತ ನಿಲ್ಲದಿರುವುದು. ಆಮೇಲೆ ಇಳಿಯುತ್ತ ಎರಡರಿಂದ ನಾಲ್ಕು ವಾರದಲ್ಲಿ ದೇಹ ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ. ಒಂದೊಂದು ತಲಬಿನ ಜೋರು ಉಳಿಯುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ದಾಟಿಸುವುದೇ ಕೆಲಸ: ಒಂದು ಚೊಂಬು ನೀರು ನಿಧಾನಕ್ಕೆ ಕುಡಿಯುವುದು, ಕೂತಲ್ಲಿಂದ ಎದ್ದು ನಾಲ್ಕು ಹೆಜ್ಜೆ ಹೋಗುವುದು, ಉದ್ದ ಉಸಿರು ಎಳೆದು ಬಿಡುವುದು.

ಓದು ಬಂದವರಿಗೆ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಲು ಹೇಳುತ್ತೇನೆ. ಬಾರದವರಿಗೆ ಒಂದು ಬಟ್ಟಲು, ಒಂದು ಹಿಡಿ ಕಡಲೆಕಾಳು. ತಲಬು ಬಂದು ಹೋದಾಗಲೆಲ್ಲ ಒಂದು ಕಾಳು ಬಟ್ಟಲಿಗೆ, ಮರುದಿನ ಮತ್ತೆ ಖಾಲಿ ಬಟ್ಟಲಿನಿಂದ ಶುರು. ಎರಡನೆಯ ವಾರದಲ್ಲಿ ಬಟ್ಟಲು ಎಷ್ಟು ಖಾಲಿ ಇರುತ್ತದೆ ಎಂದು ಕಣ್ಣಾರೆ ಕಂಡವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

2. ಬೆಳಗಿನ ತಲಬು ಹೊಟ್ಟೆಯದು

ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾಚಿಕೆ. ನಾನೇ ಕೇಳಬೇಕು. ಕೇಳಿದ ಕೂಡಲೇ ಮುಖ ಸಡಿಲವಾಗುತ್ತದೆ. "ಹೌದ್ರೀ, ಒಂದ್ ಚಿಮಟಿ ಬಾಯಾಗ ಹಾಕಲಿಲ್ಲಂದ್ರ ಹೊರಕಡಿ ಆಗಂಗೇ ಇಲ್ರೀ. ಅದಕ್ಕ ಬಿಡಾಕ ಆಗವಲ್ದು."

ಅವರು ಹೇಳುವುದು ನಿಜ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಹತ್ತಿಪ್ಪತ್ತು ವರ್ಷ ದಿನಾ ಬೆಳಿಗ್ಗೆ ಅದರ ತಳ್ಳುವಿಕೆಗೆ ಒಗ್ಗಿಕೊಂಡ ಕರುಳು ಬಿಟ್ಟ ಮೊದಲ ವಾರಗಳಲ್ಲಿ ಮಂದವಾಗುತ್ತದೆ. ಮೂರು ದಿನ ಹೊಟ್ಟೆ ಕಟ್ಟಿಕೊಂಡ ರೈತ ನಾಲ್ಕನೆಯ ದಿನ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಗೆ ಹೋದರೆ ಅದು ಮನಸ್ಸಿನ ದೌರ್ಬಲ್ಯ ಎನ್ನಲಾಗದು. ಅವನು ಹುಡುಕುತ್ತಿರುವುದು ಹೊಟ್ಟೆಯ ಔಷಧ.

ಆದ್ದರಿಂದ ತಂಬಾಕು ಬಿಡುವ ದಿನಕ್ಕಿಂತ ಮೊದಲೇ ಹೊಟ್ಟೆಗೆ ತಯಾರಿ ಮಾಡಿಸುತ್ತೇನೆ. ಎದ್ದ ಕೂಡಲೇ ಎರಡು ಲೋಟ ಬೆಚ್ಚಗಿನ ನೀರು, ಕುಡಿದು ಸ್ವಲ್ಪ ಓಡಾಟ. ನಮ್ಮ ಊಟ ಇದಕ್ಕೆ ಹೇಳಿ ಮಾಡಿಸಿದಂತಿದೆ: ಬಿಳಿಜೋಳದ ರೊಟ್ಟಿ, ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ಸೊಪ್ಪು, ಕಾಳುಪಲ್ಯೆ, ಅಗಸಿ ಹಿಂಡಿ, ಮಜ್ಜಿಗೆ. ಆದರೆ ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿ ಬೆಳಿಗ್ಗೆ ಬರೀ ಚಹಾ, ಬ್ರೆಡ್ಡು, ಖಾರಿ ತಿಂದು ಹೋಗುವವರು ಹೆಚ್ಚಾಗುತ್ತಿದ್ದಾರೆ. ಬಿಡುವ ತಿಂಗಳಾದರೂ ಹಸಿ ಸೊಪ್ಪು ತಾಟಿನಲ್ಲಿ ಇರಲೇಬೇಕು. ಅದರಿಂದಲೂ ಆಗದಿದ್ದರೆ ರಾತ್ರಿ ಒಂದು ಚಮಚ ಇಸಬಗೋಲ ಒಂದು ದೊಡ್ಡ ಲೋಟ ನೀರಿನಲ್ಲಿ. ಇನ್ನೂ ಕಟ್ಟಿಕೊಂಡೇ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡುತ್ತಾರೆ.

ಬೆಳಗಿನ ಈ ಒಂದು ತಲಬನ್ನು ಗೆದ್ದವರು ಉಳಿದವನ್ನು ಅರ್ಧ ಗೆದ್ದಂತೆ. ಗಂಡಸರು ಮತ್ತೆ ತಂಬಾಕಿಗೆ ತಿರುಗಲು ನಾನು ಕಂಡ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಇದರ ಬಗ್ಗೆ ಮಾತಾಡುವವರು ಮಾತ್ರ ತೀರಾ ಕಡಿಮೆ, ಆ ಸಂಕಟಕ್ಕೆ ಇಷ್ಟು ಉದ್ದ ಬರೆದೆ.

3. ಹೊತ್ತೇರಿದ ಮೇಲಿನ ತಲಬು ಹಸಿವಿನದು

ತಂಬಾಕು ಹಸಿವನ್ನು ಅಡಗಿಸುತ್ತದೆ. ಕಬ್ಬು ಕಡಿಯುವವರು, ಹೊಲದ ಕೂಲಿಯವರು, ಕಟ್ಟಡದ ಕೆಲಸಕ್ಕೆಂದು ಗೋವಾ, ಪುಣೆಯ ಕಡೆ ದುಡಿಯಲು ಹೋಗುವವರು ಅದನ್ನು ಮೊದಲು ಹಿಡಿದದ್ದು ಎಷ್ಟೋ ಸಲ ಊಟದ ಹೊತ್ತು ಮುಂದೂಡಲು. ಬಿಟ್ಟಾಗ ಅಡಗಿದ್ದ ಹಸಿವು ಏಳುತ್ತದೆ, ಆದರೆ ಅದು ಹಸಿವು ಎಂದು ಗುರುತೇ ಸಿಗುವುದಿಲ್ಲ. ಹನ್ನೊಂದರ ಹೊತ್ತಿಗೆ ಕೈ ನಡುಗಿ, ತಲೆ ಕೆಟ್ಟು "ತಲಬ ಆಗ್ಯಾದ" ಅನ್ನುವವರಿಗೆ ಒಂದು ರೊಟ್ಟಿ ಕೊಟ್ಟು ನೋಡಿ. ಬುತ್ತಿಯನ್ನು ಎರಡು ಭಾಗ ಮಾಡಿ, ಒಂದನ್ನು ಹೊತ್ತಿಗೆ ಮುಂಚೆ ಉಣ್ಣಲು ಹೇಳುತ್ತೇನೆ. ಕಿಸೆಯಲ್ಲಿ ಪುಟಾಣಿ, ಹುರಿದ ಶೇಂಗಾ ಇರಲಿ. ತೂಕ ಸ್ವಲ್ಪ ಏರಬಹುದು. ಹೊಲದಲ್ಲಿ ದುಡಿಯುವ ಮೈಗೆ ಅದರ ಚಿಂತೆ ಬೇಡ.

4. ಕೈಗೂ ಒಂದು ತಲಬಿದೆ

ತಂಬಾಕು ತಿಕ್ಕುವವರ ಕೈಯನ್ನು ಹತ್ತಿರದಿಂದ ನೋಡಿ. ಎಡ ಅಂಗೈಯ ಕುಳಿಯಲ್ಲಿ ಎಸಳು ಸುರುವಿ, ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಅದರ ಮೇಲೆ ಹಚ್ಚುತ್ತಾರೆ. ಬಲಗೈ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕುತ್ತಾರೆ, ಮಾತು ನಡೆದೇ ಇರುತ್ತದೆ. ಆಮೇಲೆ ನಾಲ್ಕು ಬೆರಳಿನಿಂದ ತಟ್ಟಿದಾಗ ಧೂಳು ಹಾರುತ್ತದೆ, ಪಕ್ಕದವರು ಸೀನುತ್ತಾರೆ. ಉಳಿದದ್ದನ್ನು ಚಿವುಟಿ, ಕೆಳತುಟಿ ಎಳೆದು, ಒಸಡಿಗೆ ತಾಗಿಸಿ ಇಡುತ್ತಾರೆ. ಇಷ್ಟಕ್ಕೆ ಎರಡು-ಮೂರು ನಿಮಿಷ. ದಿನಕ್ಕೆ ಹತ್ತು ಸಲ ಎಂದರೂ ಇಪ್ಪತ್ತೈದು ವರ್ಷದಲ್ಲಿ ಆ ಹೆಬ್ಬೆರಳು ಹೀಗೆ ತೊಂಬತ್ತು ಸಾವಿರ ಸಲಕ್ಕೂ ಹೆಚ್ಚು ತಿಕ್ಕಿರುತ್ತದೆ. ಬಾಯಿ ಮರೆತರೂ ಅದು ಮರೆಯುವುದಿಲ್ಲ.

ಇದಕ್ಕೆ ಕೈಗೇ ಕೆಲಸ ಕೊಡಬೇಕು. ಶೇಂಗಾ ಸುಲಿಯುವುದು, ಹಗ್ಗ ಹೊಸೆಯುವುದು, ಅಂಗೈಯಲ್ಲಿ ಬಡೇಸೋಪು ತಿಕ್ಕಿ ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳುವುದು. ಈ ಕೊನೆಯದು ಹಲವರಿಗೆ ಹಿಡಿಸಿದೆ, ಏಕೆಂದರೆ ಕೈಯ ಆಟ ಅದೇ ಇರುತ್ತದೆ. ಹಳೆಯ ಡಬ್ಬಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಅದೇ ಡಬ್ಬಿಯಲ್ಲಿ ಬಡೇಸೋಪು ತುಂಬಿದವರ ಬೆರಳಿಗೆ ಸುಣ್ಣದ ಗೂಡು ತಾಗಿದೊಡನೆ ಎಲ್ಲ ನೆನಪಾಗುತ್ತದೆ. ಬಾಯಿಗೆ ಲವಂಗ, ಯಾಲಕ್ಕಿ, ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಆದೀತು.

ಅಡಿಕೆ ಬೇಡ. "ತಂಬಾಕ ಬಿಟ್ಟೀನ್ರೀ, ಬರೇ ಅಡಕಿ ಹಾಕ್ಕೋತೀನಿ" ಎಂದು ಸಮಾಧಾನದಿಂದ ಹೇಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ತಂಬಾಕಿಲ್ಲದೆಯೂ ಕ್ಯಾನ್ಸರ್ ತರುವ ವಸ್ತು ಎಂದು ನಿರ್ಧರಿಸಿದೆ. ಒಳಗಲ್ಲ ಬಿಗಿದು ಬಾಯಿ ತೆರೆಯಲಾಗದೆ ಬರುವ ಇಪ್ಪತ್ತು-ಇಪ್ಪತ್ತೆರಡರ ಹುಡುಗರ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ಅವರಿಗೆ ಖಾರದ ಚಟ್ನಿ ಬಾಯಿಗೆ ತಾಗಿದರೆ ಉರಿ. ಚಟ್ನಿ ಇಲ್ಲದೆ ರೊಟ್ಟಿ ಇಳಿಯದ ಊರಿನಲ್ಲಿ ಆ ಹುಡುಗರು ಹಾಲು-ಅನ್ನ ಉಣ್ಣುತ್ತ ಕೂರುವುದನ್ನು ನೋಡಲಾಗುವುದಿಲ್ಲ. ಪಾನ್ ಮಸಾಲಾ, ಮಾವಾ ಕೂಡ ಇದೇ ದಾರಿಯವು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಕೊಂಡವರೇ ಬೆರೆಸಿಕೊಳ್ಳುತ್ತಾರೆ.

5. ಹೆಣ್ಣುಮಕ್ಕಳ ತಲಬಿನ ಹಿಂದೆ ಹಲ್ಲುನೋವು ಇರುತ್ತದೆ

ಮಹಾರಾಷ್ಟ್ರದ ಗಡಿ ಹತ್ತಿರ ಬಂದಂತೆ ಮಿಶ್ರಿ ಹೆಚ್ಚು. ತಂಬಾಕನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಒಸಡಿಗೆ ತಿಕ್ಕುವುದು. ಹಿರಿಯ ಹೆಣ್ಣುಮಕ್ಕಳಲ್ಲಿ ಎಲೆ-ಅಡಿಕೆಯ ಜೊತೆ ತಂಬಾಕಿನ ಎಸಳು. ಇವರನ್ನು ಯಾವಾಗ ಶುರುವಾಯಿತು ಎಂದು ಕೇಳಿದರೆ ಬಹುಪಾಲು ಉತ್ತರ ಒಂದೇ: ಹಲ್ಲು ಬ್ಯಾನಿ ಆಗಿತ್ತು, ಅತ್ತಿ ಹಚ್ಚಿಕೋ ಅಂದಳು, ನೆಗೆಣ್ಣಿ ಕೊಟ್ಟಳು. ಬಾಯಿ ಕೊಂಚ ಮರಗಟ್ಟಿ ನೋವು ಮರೆತಂತಾಗುತ್ತದೆ, ಹುಳುಕು ಒಳಗೆ ನಡೆದೇ ಇರುತ್ತದೆ. ಮಿಶ್ರಿ ಬಿಟ್ಟ ವಾರದಲ್ಲಿ ಆ ಹಳೆಯ ನೋವು ಪೂರ್ತಿಯಾಗಿ ಮೇಲೆ ಬರುತ್ತದೆ. "ಬಿಟ್ಟಿದ್ದಕ್ಕ ಹಲ್ಲ ಹಾಳಾದ್ವು" ಎಂದು ಅವರು ತಿಳಿಯುತ್ತಾರೆ, ಮತ್ತೆ ಮಿಶ್ರಿಯ ಡಬ್ಬಿ ಹೊರಬರುತ್ತದೆ.

ಹೀಗಾಗಿ ಇವರ ವಿಷಯದಲ್ಲಿ ಬಿಡಿಸುವುದಕ್ಕಿಂತ ಮೊದಲು ಹಲ್ಲಿನ ಕೆಲಸ ಆಗಬೇಕು. ಹುಳುಕು ತುಂಬಿಸಬೇಕು, ಉಳಿಯದ ಹಲ್ಲು ಕೀಳಿಸಬೇಕು, ಒಸಡಿನ ಕಲ್ಲು ತೆಗೆಸಬೇಕು. ಒಸಡು ಕೆಳಗಿಳಿದು ಬೇರು ಕಾಣುವ ಕಡೆ ತಣ್ಣೀರು ಝುಮ್ ಎನ್ನುತ್ತದೆ, ಅದಕ್ಕೆ ಬೇರೆ ಪೇಸ್ಟ್ ಇದೆ. ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಬಾಯಲ್ಲಿ ಸಣ್ಣ ಹುಣ್ಣುಗಳು ಏಳುವುದುಂಟು, ತಾವಾಗಿ ಮಾಯುತ್ತವೆ. ಇಷ್ಟನ್ನು ಮೊದಲೇ ಹೇಳಿಟ್ಟರೆ ಅವರು ಹೆದರುವುದಿಲ್ಲ.

ಗಂಡಸರಿಗಿಂತ ಇವರ ಕಷ್ಟ ಬೇರೆ. ಗಂಡ ಕಟ್ಟೆಯ ಮೇಲೆ ಎಲ್ಲರೆದುರು ತಿಕ್ಕುತ್ತಾನೆ. ಇವರು ಅಡುಗೆಮನೆಯ ಮೂಲೆಯಲ್ಲಿ, ಬಚ್ಚಲಲ್ಲಿ. ಗುಟ್ಟಿನ ಚಟಕ್ಕೆ ಸಹಾಯ ಕೇಳುವುದೂ ಗುಟ್ಟು. ಬಸುರಿಯರೂ ಇದ್ದಾರೆ. ಹೊಟ್ಟೆಯ ಕೂಸಿನ ತೂಕ ಕಡಿಮೆಯಾಗುವುದು, ಕೂಸು ಹೊಟ್ಟೆಯಲ್ಲೇ ಹೋಗುವ ಅಪಾಯ ಹೆಚ್ಚುವುದು ಇದರಿಂದ ಆಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಗರ್ಭಿಣಿಯರ ತಪಾಸಣೆಗೆ ಬಂದವರನ್ನು ಆಶಾ ಕಾರ್ಯಕರ್ತೆ ಒಬ್ಬಳೇ ಕೂರಿಸಿಕೊಂಡು ಮೆಲ್ಲಗೆ "ಮಿಶ್ರಿ ಹಚ್ಚತಿಯೇನವ್ವಾ?" ಎಂದು ಕೇಳಿದರೆ ಸಾಕು, ಹೇಳಿಕೊಳ್ಳುತ್ತಾರೆ. ಬೈದರೆ ಮಾತ್ರ ಬಾಯಿ ಮುಚ್ಚಿತು.

6. ಕಟ್ಟೆಯ ತಲಬಿಗೆ ಒಂದು ಮಾತು ತಯಾರಿರಲಿ

ನಮ್ಮಲ್ಲಿ ಅಪರಿಚಿತರ ಹತ್ತಿರವೂ ನಾಚದೆ ಕೇಳಬಹುದಾದದ್ದು ಎರಡು, ನೀರು ಮತ್ತು ತಂಬಾಕು. "ಕಾಕಾ, ಒಂದ್ ಚಿಮಟಿ ಕೊಡ್ರೀ" ಎಂದರೆ ಮಾತು ಬೆಳೆಯುತ್ತದೆ, ಬೆಳೆಯ ರೇಟು ತಿಳಿಯುತ್ತದೆ, ಬೀಗತನವೂ ಕುದುರುತ್ತದೆ. ಕೊಟ್ಟದ್ದನ್ನು ಬೇಡ ಎಂದರೆ ಮನುಷ್ಯನನ್ನೇ ಬೇಡ ಎಂದಂತೆ. ಇದನ್ನು ಅರಿಯದೆ "ಗೆಳೆಯರ ಸಹವಾಸ ಬಿಡು" ಎಂದು ಉಪದೇಶಿಸಿದರೆ ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ಊರಲ್ಲಿ ಗೆಳೆಯರಿಲ್ಲದೆ ಬದುಕಲು ಆಗುತ್ತದೆಯೇ?

ಒಂದು ಮಾತು ಬಾಯಿಪಾಠ ಮಾಡಿಸುತ್ತೇನೆ: "ಬಾಯಾಗ ಹುಣ್ಣ ಆಗ್ಯಾವ, ಡಾಕ್ಟರ್ ಮುಟ್ಟಬ್ಯಾಡ ಅಂದಾರ." ಬಿಟ್ಟಿದ್ದೇನೆ ಎಂದರೆ ಒತ್ತಾಯ, ಚೇಷ್ಟೆ ಶುರುವಾಗುತ್ತದೆ. ಡಾಕ್ಟರ್ ಅಂದಾರ ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ, ಒಬ್ಬಿಬ್ಬರು ತಮ್ಮ ಬಾಯಿಯ ಸುದ್ದಿ ಕೇಳಲೂ ಶುರು ಮಾಡುತ್ತಾರೆ. ಆ ಹೊಣೆ ನನ್ನ ಮೇಲೆ ಹಾಕಿ ಎಂದು ಎಲ್ಲರಿಗೂ ಹೇಳಿದ್ದೇನೆ. ಮೊದಲ ಎರಡು ವಾರ ಕಟ್ಟೆಯಲ್ಲಿ ಕೂರುವ ಬದಲು ಅದೇ ಗೆಳೆಯರೊಡನೆ ಅಡ್ಡಾಡಿಕೊಂಡು ಮಾತಾಡುವುದು ಇನ್ನೊಂದು ಉಪಾಯ. ನಡೆಯುತ್ತ ತಂಬಾಕು ತಿಕ್ಕುವುದು ಯಾರಿಗೂ ಅಷ್ಟು ಸುಲಭವಲ್ಲ.

ಮನೆಯವರಿಗೂ ಒಂದು ಮಾತು. ಮೊದಲ ವಾರ ತಂಬಾಕು ಬಿಟ್ಟವರು ರೇಗುತ್ತಾರೆ. ಆ ಸಿಟ್ಟು ನಿಮ್ಮ ಮೇಲಿನದಲ್ಲ, ನಾಲ್ಕು ದಿನ ತಡೆದುಕೊಳ್ಳಿ. ಮಕ್ಕಳ ಕೈಗೆ ಐದು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುವುದಂತೂ ಮೊದಲ ದಿನದಿಂದಲೇ ನಿಲ್ಲಲಿ.

7. ಶ್ರಾವಣ ಮುಗಿದ ದಿನ ಎಚ್ಚರ

ಶ್ರಾವಣದಲ್ಲಿ ತಿಂಗಳು ಪೂರ್ತಿ ತಂಬಾಕು ಮುಟ್ಟದವರು ನಮ್ಮಲ್ಲಿ ಹಳ್ಳಿಹಳ್ಳಿಗೂ ಇದ್ದಾರೆ. ತಿಂಗಳು ಮುಗಿದ ಮರುದಿನ ಮತ್ತೆ ಶುರು. ಅವರಿಗೆ ನಾನು ಕೇಳುವುದು ಇಷ್ಟೇ: ದೇಹದ ಕಷ್ಟ ಎರಡರಿಂದ ನಾಲ್ಕು ವಾರದ್ದು, ಅದನ್ನು ನೀವು ಆಗಲೇ ದಾಟಿದ್ದೀರಿ. ಅತಿ ಕಠಿಣ ದಿನಗಳನ್ನು ದೇವರ ಹೆಸರಿನಲ್ಲಿ ಕಳೆದು, ಸುಲಭದ ದಿನಗಳು ಬಂದಾಗ ಯಾಕೆ ಹಿಂದಿರುಗುತ್ತೀರಿ? ಈ ಮಾತು ಹಲವರಿಗೆ ಹೊಸದು. ತಾವು ಬಿಟ್ಟು ಬದುಕಬಲ್ಲೆವು ಎಂಬುದಕ್ಕೆ ಅವರೇ ಸಾಕ್ಷಿ, ಆದರೆ ಅದನ್ನು ಬಿಟ್ಟದ್ದು ಎಂದು ಅವರು ಎಣಿಸಿರುವುದೇ ಇಲ್ಲ.

ರಮಜಾನ್ ಉಪವಾಸ ಮಾಡುವವರು ಬೆಳಗಿನಿಂದ ಸೂರ್ಯ ಮುಳುಗುವವರೆಗೆ ನೀರನ್ನೂ ಮುಟ್ಟುವುದಿಲ್ಲ, ತಂಬಾಕಂತೂ ದೂರ. ಅವರಿಗೆ ಗಂಡಾಂತರ ಇಫ್ತಾರಿನ ನಂತರದ ಅರ್ಧ ತಾಸು. ಖರ್ಜೂರ, ನೀರು, ನಮಾಜು, ಊಟ ಆದ ಮೇಲೆ ನೇರ ಹಲ್ಲುಜ್ಜಲು ಹೇಳುತ್ತೇನೆ. ಚೊಕ್ಕಟ ಬಾಯಿಗೆ ತಂಬಾಕು ಇಡಲು ಮನಸ್ಸು ಬೇಗ ಒಪ್ಪುವುದಿಲ್ಲ. ಈ ಉಪಾಯ ಎಲ್ಲರಿಗೂ, ಎಲ್ಲ ಊಟದ ನಂತರವೂ ಒದಗುತ್ತದೆ.

8. ರಾತ್ರಿ ಪಾಳಿಯ ವಾರ ಬಿಡಲು ಹೋಗಬೇಡಿ

ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬಂದ ಮೇಲೆ ಈ ಭಾಗದಲ್ಲಿ ಪಾಳಿಯ ಕೆಲಸ ಹೆಚ್ಚಾಗಿದೆ. ಸೊಲ್ಲಾಪುರದ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿ ಓಡಿಸುವವರೂ ನನ್ನ ಹತ್ತಿರ ಬರುತ್ತಾರೆ. ಅವರು ತಂಬಾಕು ಇಡುವುದು ನಿದ್ದೆ ತಡೆಯಲು. ಬಿಟ್ಟ ವಾರದಲ್ಲಿ ರಾತ್ರಿ ನಿದ್ದೆ ಕೆಟ್ಟು, ಕೆಲಸದ ಹೊತ್ತಿನಲ್ಲಿ ತೂಕಡಿಕೆ ಬರುತ್ತದೆ. ಹಗಲು ಪಾಳಿಯ ವಾರವನ್ನೋ ರಜೆಯನ್ನೋ ಆರಿಸಿಕೊಳ್ಳಿ. ತೂಕಡಿಕೆ ಬಂದರೆ ಗಾಡಿ ಬದಿಗೆ ಹಾಕಿ ಮಲಗಬೇಕು, ಬೇರೆ ದಾರಿ ಇಲ್ಲ.

9. ಔಷಧ ತೆಗೆದುಕೊಳ್ಳುವುದು ಸೋಲಲ್ಲ

ಎದ್ದ ಎಷ್ಟು ಹೊತ್ತಿಗೆ ಮೊದಲ ಚಿಟಿಕೆ ಎಂದು ಎಲ್ಲರನ್ನೂ ಕೇಳುತ್ತೇನೆ. ಅರ್ಧ ತಾಸಿನೊಳಗೆ ಎಂದರೆ ದೇಹ ಗಟ್ಟಿಯಾಗಿ ಅಂಟಿಕೊಂಡಿದೆ ಎಂದೇ ಅರ್ಥ, ಅಂಥವರಿಗೆ ಔಷಧದ ಆಸರೆ ಬೇಕಾಗಬಹುದು. ನಿಕೋಟಿನ್ ಗಮ್ 2 ಮಿ.ಗ್ರಾಂ.ದು ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, 4 ಮಿ.ಗ್ರಾಂ.ಗೆ ವೈದ್ಯರ ಚೀಟಿ ಬೇಕು. ಸಾದಾ ಚೂಯಿಂಗ್ ಗಮ್‌ನಂತೆ ಸತತವಾಗಿ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳೆಸುವಿಕೆ ಬರುತ್ತದೆ, ಪ್ರಯೋಜನವಾಗುವುದಿಲ್ಲ. ಮೆಲ್ಲಗೆ ನಾಲ್ಕಾರು ಸಲ ಅಗಿಯಬೇಕು, ಮೆಣಸಿನ ಹಾಗೆ ಚುರುಕ್ ಎಂದೊಡನೆ ಗಲ್ಲದಲ್ಲಿ ಇಟ್ಟು ಸುಮ್ಮನಿರಬೇಕು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ತಾಸು. ಗಲ್ಲದಲ್ಲಿ ಇಟ್ಟುಕೊಳ್ಳುವುದು ತಂಬಾಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಗಮ್ ಹಾಕುವುದಕ್ಕೆ ಮುಂಚಿನ ಕಾಲು ತಾಸು ಮತ್ತು ಅದು ಬಾಯಲ್ಲಿ ಇರುವಷ್ಟು ಹೊತ್ತು ಚಹಾ, ನಿಂಬೆಹಣ್ಣಿನ ಶರಬತ್ತು ಬೇಡ. ಇಂಡಿ ತಾಲ್ಲೂಕಿನ ನಿಂಬೆ ಬೇರೆ ಹೊತ್ತಿನಲ್ಲಿ ಎಷ್ಟು ಒಳ್ಳೆಯದಾದರೂ ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ, ಸುಣ್ಣ ಮಾಡುವ ಕೆಲಸದ ತದ್ವಿರುದ್ಧ ಅದು. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಬಾಯಿ ಸರಿಯಾಗಿ ತೆರೆಯದವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ.

ಮಾತಾಡಲು ಯಾರಾದರೂ ಬೇಕು ಎನ್ನಿಸಿದರೆ ತಂಬಾಕು ಬಿಡುವವರ ರಾಷ್ಟ್ರೀಯ ಸಹಾಯವಾಣಿ 1800-112-356 ಇದೆ. 2016ರಿಂದ ನಡೆಯುತ್ತಿದೆ, ಪುಕ್ಕಟೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಒಂದು ಕೇಂದ್ರ, ಕನ್ನಡದಲ್ಲಿ ಮಾತಾಡಬಹುದು. ಈ ನಂಬರು ತಿನ್ನುವವರು ಬಿಸಾಕುವ ತಂಬಾಕಿನ ಚೀಟಿನ ಮೇಲೆಯೇ ಅಚ್ಚಾಗಿರುತ್ತದೆ.

10. ಒಂದು ಚಿಟಿಕೆ ಇಟ್ಟವರನ್ನು ಬೈಯಬೇಡಿ

ಮದುವೆಯ ಮನೆಯಲ್ಲಿ ಎಲೆ-ಅಡಿಕೆಯ ತಟ್ಟೆ ಬಂತು, ಒಂದು ಇಟ್ಟೆ, ಎಲ್ಲ ಹಾಳಾಯಿತು ಎಂದು ಬರುತ್ತಾರೆ. ಏನೂ ಹಾಳಾಗಿರುವುದಿಲ್ಲ. ಖಾಯಂ ಬಿಟ್ಟವರಲ್ಲಿ ಹೆಚ್ಚಿನವರು ಮೊದಲು ಬಿಟ್ಟು ಹಿಡಿದವರೇ. ಆ ಚಿಟಿಕೆ ಯಾವ ಹೊತ್ತಿಗೆ, ಯಾರ ಜೊತೆ, ಯಾವ ಕಾರಣಕ್ಕೆ ಎಂದು ಕೇಳುತ್ತೇನೆ. ಉತ್ತರದಲ್ಲಿ ಮುಂದಿನ ಸಲದ ತಯಾರಿ ಇರುತ್ತದೆ. ದೇವರ ಮುಂದೆ ಆಣೆ ಮಾಡಿ ತಪ್ಪಿದವರ ದುಃಖ ಮಾತ್ರ ಬೇರೆ ಬಗೆಯದು. ಪಾಪ ತಟ್ಟಿತು, ಇನ್ನೇನು ಉಳಿಯಿತು ಎಂದು ಪೂರ್ತಿ ಕೈಬಿಡುತ್ತಾರೆ. ಮಠಕ್ಕೆ ಹೋಗಿ ಮತ್ತೆ ನಮಸ್ಕಾರ ಮಾಡಿ ಬನ್ನಿ, ಇವತ್ತಿನಿಂದ ಮತ್ತೆ ಶುರು ಮಾಡಿ ಎನ್ನುತ್ತೇನೆ.

11. ಕನ್ನಡಿ ಹಿಡಿದು ಗಲ್ಲದ ಒಳಗೆ ನೋಡಿಕೊಳ್ಳಿ

ತಂಬಾಕು ಇಡುವ ಜಾಗದ ಚರ್ಮ ಬೆಳ್ಳಗೆ, ನೆರಿಗೆ ನೆರಿಗೆಯಾಗಿ, ದಪ್ಪಗಾಗಿರುತ್ತದೆ. ನಾಲಿಗೆಯಿಂದ ಮುಟ್ಟಿದರೆ ಒರಟು. ಬಿಟ್ಟ ಮೇಲೆ ಇಂಥ ಬಹಳಷ್ಟು ಕಲೆಗಳು ಎರಡರಿಂದ ಆರು ವಾರದಲ್ಲಿ ತಾವಾಗಿ ತಿಳಿಯಾಗುತ್ತವೆ. ಮೊದಲ ದಿನ ಬಂದವರಿಗೆ ಕನ್ನಡಿ ಹಿಡಿದು ತೋರಿಸುತ್ತೇನೆ, ತಿಂಗಳಾದ ಮೇಲೆ ಮತ್ತೆ ಅದೇ ಜಾಗ ತೋರಿಸುತ್ತೇನೆ. ನೆರಿಗೆ ಹೋಗಿ ಗುಲಾಬಿ ಬಣ್ಣ ಬಂದದ್ದನ್ನು ಕಂಡವರ ಬಲ ಬೇರೆ. ಆಮೇಲೆ ಬರುವ ತಲಬಿಗೆ ಅವರು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಆರು ವಾರವಾದರೂ ಕಲೆ ಹೋಗದಿದ್ದರೆ, ಕೆಂಪು ಕಲೆ ಇದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ಸ್ವಂತದ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಲು ಆಗದಿದ್ದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ ತಡ ಮಾಡದೆ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ತಂಬಾಕು ಬಿಟ್ಟು ವರ್ಷಗಳಾದವರೂ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ದಂತ ವೈದ್ಯಕೀಯ ಕಾಲೇಜಿದೆ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಹೋಗುವಾಗ ಏನು ತಿನ್ನುತ್ತಿದ್ದಿರಿ, ಎಷ್ಟು ವರ್ಷ, ಯಾವ ಗಲ್ಲದಲ್ಲಿ ಇಡುತ್ತಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ನೋಡುವವರು ಮೊದಲು ಆ ಜಾಗವನ್ನೇ ನೋಡುತ್ತಾರೆ.